ಐವರು ಬರೆದ ಪುಸ್ತಕಕ್ಕೆ ಒಂದೇ ಸರಾಸರಿ: ಬ್ಲ್ಯಾಕ್ ರೊಮ್ಯಾನ್ಸ್ ಕಿರುಕಾದಂಬರಿ ಸಂಕಲನ ಆರಿಸುವ ಬಗೆ

ಎರಡು ಸಂಕಲನಗಳು ಎದುರಿಗಿವೆ ಅಂದುಕೊಳ್ಳಿ. ಎರಡರಲ್ಲೂ ಐದೈದು ಕಿರುಕಾದಂಬರಿ, ಐದೈದು ಲೇಖಕಿಯರು. ಎರಡಕ್ಕೂ ಓದುಗರು ಕೊಟ್ಟ ಸರಾಸರಿ 3.8 ಸ್ಟಾರ್. ಅಭಿಪ್ರಾಯಗಳನ್ನು ಬಿಡಿಸಿ ನೋಡಿದರೆ ಮೊದಲನೆಯದರ ಕತೆಗಳಿಗೆ ಬಿದ್ದಿರುವುದು 5, 5, 5, 2, 2. ಎರಡನೆಯದಕ್ಕೆ 4, 4, 4, 4, 3. ಕೂಡಿಸಿ ಐದರಿಂದ ಭಾಗಿಸಿದರೆ ಎರಡೂ 3.8. ಓದಲು ಕೂತವರಿಗೆ ಮಾತ್ರ ಇವು ಅಜಗಜಾಂತರ. ಮೊದಲನೆಯದರಲ್ಲಿ ಮೂರು ಕತೆ ವಾರಗಟ್ಟಲೆ ತಲೆಯಲ್ಲಿ ಓಡಾಡುತ್ತವೆ, ಎರಡನ್ನು ಅರ್ಧಕ್ಕೆ ಬಿಟ್ಟಿರುತ್ತೀರಿ. ಎರಡನೆಯದು ಎಲ್ಲೂ ಬೇಸರ ತರಿಸುವುದಿಲ್ಲ, ಎಲ್ಲೂ ಮೈಮರೆಸುವುದೂ ಇಲ್ಲ.

ಹಲವರು ಸೇರಿ ಬರೆದ ಪುಸ್ತಕದ ಮೇಲಿನ ಸರಾಸರಿ ಸ್ಟಾರ್ ಅಡ್ಡಗೋಡೆಯ ಮೇಲಿಟ್ಟ ದೀಪ. ಬೆಳಕು ಎರಡೂ ಕಡೆಗೆ ಬೀಳುತ್ತದೆ, ದಾರಿ ಯಾವ ಕಡೆಗೂ ಕಾಣುವುದಿಲ್ಲ. ಕತೆಗಳನ್ನು ಒಟ್ಟಿಗೆ ಕಟ್ಟಿರುವ ದಾರ ಯಾವುದು, ಒಂದೊಂದರ ಗಾತ್ರ ಎಷ್ಟು, ಓದುಗರ ದೂರು ಯಾವ ಕತೆಯ ಮೇಲೆ: ಈ ಮೂರನ್ನು ಕಂಡುಕೊಂಡರೆ ಆಯ್ಕೆ ಸಲೀಸು.

ಇಲ್ಲಿ ಬ್ಲ್ಯಾಕ್ ರೊಮ್ಯಾನ್ಸ್ ಅಂದರೆ ಅಮೆರಿಕದ ಕಪ್ಪು ಸಮುದಾಯದ ಲೇಖಕರು ಬರೆದ, ಪ್ರೇಮಿಗಳಿಬ್ಬರೂ ಕಪ್ಪು ಜನರೇ ಆಗಿರುವ, ಸುಖಾಂತ್ಯದ ಭರವಸೆ ಇರುವ ಕತೆ. ಒಬ್ಬರು ಕಪ್ಪು, ಇನ್ನೊಬ್ಬರು ಬಿಳಿಯರಾಗಿರುವ ಕತೆಗಳನ್ನು ಅಲ್ಲಿನ ಓದುಗರು ‘ಇಂಟರ್‌ರೇಶಿಯಲ್’ ಎಂದು ಬೇರೆ ಕಪಾಟಿನಲ್ಲಿಡುತ್ತಾರೆ. ಬೀದಿ, ಗ್ಯಾಂಗು, ದುಡ್ಡು, ದ್ರೋಹಗಳ ಸುತ್ತ ಸುತ್ತುವ ‘ಅರ್ಬನ್ ಫಿಕ್ಷನ್’ ಮೂರನೆಯ ಕಪಾಟು. ಅಂಗಡಿಯ ಹುಡುಕಾಟದಲ್ಲಿ ಮೂರೂ ಕಲಸಿಕೊಂಡು ಬರುತ್ತವೆ. ‘ಏನೂ ನಡೆಯುವುದೇ ಇಲ್ಲ, ಬರೀ ಮಾತು’ ಅಂತ ಒಬ್ಬರು ಎರಡು ಸ್ಟಾರ್ ಕೊಟ್ಟಿದ್ದರೆ ಅವರು ಮೂರನೆಯ ಕಪಾಟಿನ ರುಚಿ ಹುಡುಕಿಕೊಂಡು ಮೊದಲನೆಯದಕ್ಕೆ ಬಂದವರಿರಬಹುದು. ಅವರ ಎರಡು ಸ್ಟಾರ್ ನಿಮಗೆ ನಾಲ್ಕಾದೀತು.

ಮೊದಲು ಗಾತ್ರ

ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘ ತನ್ನ ರೀಟಾ ಪ್ರಶಸ್ತಿಯ ಕಿರುಕಾದಂಬರಿ ವಿಭಾಗಕ್ಕೆ 20,000ದಿಂದ 40,000 ಪದಗಳ ಮಿತಿ ಇಟ್ಟಿತ್ತು. ಸಂಕಲನಗಳಲ್ಲಿ 25,000 ಪದಗಳ ಆಸುಪಾಸು ಸಾಮಾನ್ಯ. ಅಚ್ಚಿನ ಪುಟಕ್ಕೆ 275 ಪದ ಅಂತ ಹಿಡಿದರೆ ಅದು ಸುಮಾರು 90 ಪುಟ. ಇಂಗ್ಲಿಷನ್ನು ನಿಮಿಷಕ್ಕೆ 250 ಪದದ ವೇಗದಲ್ಲಿ ಓದುವವರಿಗೆ ನೂರು ನಿಮಿಷ, 150 ಪದದ ವೇಗದವರಿಗೆ ಎರಡೂ ಮುಕ್ಕಾಲು ಗಂಟೆ. ಆಡಿಯೊ ಪುಸ್ತಕದಲ್ಲಿ ಗಂಟೆಗೆ ಸುಮಾರು 9,300 ಪದ ಅಂತ ಲೆಕ್ಕ ಇಡುತ್ತಾರೆ, ಅಂದರೆ ಒಂದು ಕತೆಗೆ ಎರಡೂ ಮುಕ್ಕಾಲು ಗಂಟೆಗೆ ತುಸು ಕಡಿಮೆ.

ಪುಸ್ತಕದ ಪುಟದಲ್ಲಿ ‘ನೊವೆಲ್ಲಾ ಸಂಕಲನ’ ಅಂತ ಬರೆದಿದ್ದ ಮಾತ್ರಕ್ಕೆ ನಂಬಬೇಡಿ. ಒಟ್ಟು ಪುಟಗಳನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿ. ಆರು ಜನ, 180 ಪುಟ ಎಂದರೆ ತಲೆಗೆ 30 ಪುಟ, ಎಂಟು ಸಾವಿರ ಪದದ ಸಣ್ಣಕತೆ. ತಲೆಗೆ 70ರಿಂದ 140 ಪುಟ ಬಂದರೆ ನಿಜವಾದ ಕಿರುಕಾದಂಬರಿ. 180 ದಾಟಿದರೆ ಅವು ಪೂರ್ತಿ ಕಾದಂಬರಿಗಳೇ, ಅಗ್ಗದ ಬೆಲೆಯ ಬಾಕ್ಸ್ ಸೆಟ್. ‘ತೀರಾ ಚಿಕ್ಕದಾಯಿತು’ ಎಂಬ ದೂರು ಹತ್ತು ಜನರಿಂದ ಬಂದಿದ್ದರೆ ಮೊದಲು ಈ ಭಾಗಾಕಾರ ಮಾಡಿ. 30 ಪುಟದ ಕತೆಗೆ ಆ ದೂರು ಬಂದಿದ್ದರೆ ಅದು ಕೊಳ್ಳುವವರು ಅಳತೆ ನೋಡದ ತಪ್ಪು. 100 ಪುಟದ ಕತೆಗೂ ಬಂದಿದ್ದರೆ ಬರೆದವರು ಕಾದಂಬರಿಯ ಸಾಮಾನನ್ನೆಲ್ಲ ಪುಟ್ಟ ಚೀಲಕ್ಕೆ ತುರುಕಿದ್ದಾರೆ.

ಯಾವ ಕತೆ ಈ ಅಳತೆಗೆ ಒಗ್ಗುತ್ತದೆ ಎನ್ನುವುದಕ್ಕೆ ಒಂದು ಸುಲಭದ ಕೈಮರ ಇದೆ. ಇಬ್ಬರಿಗೂ ಹಳೆಯ ಪರಿಚಯವಿದ್ದರೆ ಒಗ್ಗುತ್ತದೆ. ಬಾಲ್ಯದ ಗೆಳೆಯರು ಪ್ರೇಮಿಗಳಾಗುವುದು, ಬಿಟ್ಟುಹೋದವನು ಊರಿಗೆ ಮರಳುವುದು, ಬೇರೆಯಾಗುವ ಅಂಚಿನಲ್ಲಿರುವ ಗಂಡ ಹೆಂಡತಿ ಮತ್ತೆ ಕೂಡುವುದು: ಇಲ್ಲಿ ಪರಿಚಯಕ್ಕೆ ಬೇಕಾದ ಮೊದಲ ಎಂಟು ಸಾವಿರ ಪದ ಉಳಿಯುತ್ತದೆ. ಅಪರಿಚಿತರಿಬ್ಬರು ಮೊದಲು ಹಗೆಗಳಾಗಿ, ಆಮೇಲೆ ಕರಗಿ, ಮುನಿದು, ಕೊನೆಗೆ ಮದುವೆಗೆ ಒಪ್ಪುವ ಕತೆ 25,000 ಪದದಲ್ಲಿ ನಾಲ್ಕು ದಿನಕ್ಕೆ ಮುಗಿದುಹೋಗುತ್ತದೆ. ಅದನ್ನೇ ಓದುಗರು ‘ಇನ್‌ಸ್ಟಾಲವ್’ ಎಂದು ಬೈಯುವುದು. ಕತೆಯ ಎರಡು ಸಾಲಿನ ಪರಿಚಯ ಓದಿದರೇ ಈ ಅಪಾಯ ಗೊತ್ತಾಗುತ್ತದೆ. ರಿವ್ಯೂ ತನಕ ಹೋಗಬೇಕಾಗಿಲ್ಲ.

ಕಟ್ಟಿರುವ ದಾರ ಯಾವುದು?

ಬರೀ ಹಬ್ಬವೇ ದಾರವಾಗಿರುವ ಸಂಕಲನಗಳು ಹಳೆಯ ಬಗೆ. ಕ್ರಿಸ್‌ಮಸ್, ವ್ಯಾಲೆಂಟೈನ್ ದಿನ, ತಾಯಂದಿರ ದಿನ. ಒಬ್ಬಿಬ್ಬರು ಹೆಸರಾದ ಲೇಖಕಿಯರ ಜೊತೆ ಒಬ್ಬಿಬ್ಬರು ಹೊಸಬರು. ನಮ್ಮ ದೀಪಾವಳಿ ವಿಶೇಷಾಂಕದಲ್ಲಿ ದೊಡ್ಡ ಹೆಸರಿನ ಪಕ್ಕ ಹೊಸ ಕತೆಗಾರರನ್ನು ಕೂರಿಸುವ ಹಾಗೆಯೇ. ಕತೆಗಳ ನಡುವೆ ಸಂಬಂಧ ಇರುವುದಿಲ್ಲ, ಹಾಗಾಗಿ ಯಾವ ಕ್ರಮದಲ್ಲಾದರೂ ಓದಬಹುದು, ಹಿಡಿಸದ್ದನ್ನು ಹಾರಿಸಬಹುದು. ಗುಣಮಟ್ಟದ ಏರಿಳಿತ ಹೆಚ್ಚಾಗಿ ಕಾಣುವುದೂ ಈ ಬಗೆಯಲ್ಲೇ. ಹಬ್ಬ ಕತೆಯ ಒಳಗಿದೆಯೋ ಹೊರಗೆ ತೋರಣಕ್ಕೆ ಮಾತ್ರವೋ ಎಂದು ಅಭಿಪ್ರಾಯಗಳಲ್ಲಿ ಹುಡುಕಿ. ಡಿಸೆಂಬರ್ 26ರಿಂದ ಜನವರಿ 1ರವರೆಗಿನ ಕಪ್ಪು ಅಮೆರಿಕನ್ನರ ಹಬ್ಬ ಕ್ವಾಂಜಾ, ಹೊಸ ವರ್ಷದ ದಿನ ಅದೃಷ್ಟಕ್ಕೆಂದು ಬೇಯಿಸುವ ಅಲಸಂದೆ ಕಾಳು ಮತ್ತು ಕಾಲರ್ಡ್ ಸೊಪ್ಪು, ಅಜ್ಜಿಯ ಸಿಹಿಗೆಣಸಿನ ಪೈ ಯಾರು ಮಾಡಬೇಕೆಂಬ ಜಗಳ. ಇಂಥವು ರಿವ್ಯೂಗಳಲ್ಲಿ ಹೆಸರು ಹಿಡಿದು ಬಂದಿದ್ದರೆ ಕತೆಗೆ ಮನೆಯ ವಾಸನೆ ಇದೆ ಅಂತ ಅರ್ಥ. ಬರೀ ‘ಕ್ಯೂಟ್ ಹಾಲಿಡೇ ರೀಡ್’ ಅಂತಿದ್ದರೆ ಹೆಸರು ಬದಲಾಯಿಸಿದರೆ ಯಾರ ಕತೆಯೂ ಆಗಬಹುದಾದದ್ದು.

ಎರಡನೆಯ ಬಗೆ, ಒಂದೇ ಜಾಗ ಅಥವಾ ಒಂದೇ ಘಟನೆಯ ಸುತ್ತ ಹೆಣೆದದ್ದು. ಕೂದಲಿನ ಸಲೂನು, ಒಂದು ಮದುವೆ, ಹಳೆಯ ವಿದ್ಯಾರ್ಥಿಗಳು ಮರಳಿ ಸೇರುವ ಕಾಲೇಜಿನ ಹೋಮ್‌ಕಮಿಂಗ್ ವಾರ. 1999ರ ‘ರೋಸೀಸ್ ಕರ್ಲ್ ಅಂಡ್ ವೀವ್’ ಇದಕ್ಕೆ ಒಳ್ಳೆಯ ಮಾದರಿ: ರೊಶೆಲ್ ಏಲರ್ಸ್, ಡಾನಾ ಹಿಲ್, ಫೆಲಿಶಿಯಾ ಮೇಸನ್, ಫ್ರಾನ್ಸಿಸ್ ರೇ ಎಂಬ ನಾಲ್ವರು ಒಂದೇ ಸಲೂನಿನ ಸುತ್ತ ನಾಲ್ಕು ಕತೆ ಬರೆದರು. ಕಪ್ಪು ಹೆಣ್ಣುಮಕ್ಕಳಿಗೆ ಸಲೂನು ಎಂದರೆ ಗಂಟೆಗಟ್ಟಲೆ ಕೂರುವ ಜಾಗ. ಜಡೆ ಹೆಣೆಯುವುದಕ್ಕೇ ಅರ್ಧ ದಿನ ಬೇಕು, ಅಷ್ಟರಲ್ಲಿ ಊರಿನ ಸುದ್ದಿಯೆಲ್ಲ ಅಲ್ಲಿ ಬಂದು ಬೀಳುತ್ತದೆ. ನಾಲ್ಕು ಪ್ರೇಮಕತೆ ಒಂದೆಡೆ ಸೇರಲು ಇದಕ್ಕಿಂತ ಸಹಜವಾದ ನೆಪ ಸಿಗುವುದು ಕಷ್ಟ. ಮೊದಲ ಕತೆಯಲ್ಲಿ ಪರಿಚಯವಾದ ಜಾಗವನ್ನು ಎರಡನೆಯದರಲ್ಲಿ ಮತ್ತೆ ವಿವರಿಸಬೇಕಾಗಿಲ್ಲ, ಆ ಪದಗಳೆಲ್ಲ ಪ್ರೇಮಕ್ಕೆ ಸಿಗುತ್ತವೆ. ಕಿರುಕಾದಂಬರಿಯಲ್ಲಿ ಇದು ಸಣ್ಣ ಲಾಭವಲ್ಲ.

ಈ ಬಗೆ ಕೆಡುವುದು ಹೊಂದಾಣಿಕೆಯಲ್ಲಿ. ಒಬ್ಬಳ ಕತೆಯಲ್ಲಿ ಬೀಗರ ಊಟ ಶುಕ್ರವಾರ, ಇನ್ನೊಬ್ಬಳದರಲ್ಲಿ ಶನಿವಾರ. ಒಂದರಲ್ಲಿ ಮಿತಭಾಷಿ ಅಣ್ಣ, ಇನ್ನೊಂದರಲ್ಲಿ ವಟವಟ. ಅದೇ ಮದುವೆಯ ಅದೇ ನೃತ್ಯದ ದೃಶ್ಯ ಐದು ಸಲ. ‘ಟೈಮ್‌ಲೈನ್’, ‘ರಿಪಿಟಿಟಿವ್’ ಎಂಬ ಪದಗಳನ್ನು ರಿವ್ಯೂಗಳಲ್ಲಿ ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೆಣಿಗೆ ಇನ್ನೂ ಬಿಗಿಯಾದರೆ ಪುಸ್ತಕ ಕಾದಂಬರಿಯೇ ಆಗಿಬಿಡುತ್ತದೆ. 2021ರ ‘ಬ್ಲ್ಯಾಕ್ಔಟ್’ ಹಾಗಿದೆ. ಡೊನಿಯೆಲ್ ಕ್ಲೇಟನ್, ಟಿಫನಿ ಡಿ. ಜಾಕ್ಸನ್, ನಿಕ್ ಸ್ಟೋನ್, ಆಂಜಿ ಥಾಮಸ್, ಆಶ್ಲಿ ವುಡ್‌ಫೋಕ್, ನಿಕೋಲಾ ಯೂನ್ ಸೇರಿ, ಬಿಸಿಲಗಾಲದಲ್ಲಿ ಕರೆಂಟು ಹೋದ ನ್ಯೂಯಾರ್ಕಿನ ಒಂದೇ ರಾತ್ರಿಯನ್ನು ಬರೆದಿದ್ದಾರೆ. ಜಾಕ್ಸನ್ ಅವರ ಕತೆ ತುಂಡುತುಂಡಾಗಿ ಪುಸ್ತಕದ ಉದ್ದಕ್ಕೂ ಹರಡಿದೆ, ಉಳಿದವು ಅದರ ನಡುನಡುವೆ ಬರುತ್ತವೆ. ಇಂಥದ್ದನ್ನು ಹಾರಿಸಿ ಓದಿದರೆ ಕೆಡುತ್ತದೆ. ಇದು ಹದಿಹರೆಯದವರಿಗೆ ಬರೆದದ್ದು, ಕತೆಗಳೂ ಕಿರುಕಾದಂಬರಿಗಿಂತ ಚಿಕ್ಕವು. ದೊಡ್ಡವರ ರೊಮ್ಯಾನ್ಸಿನ ಬಿಸಿ ಹುಡುಕಿಕೊಂಡು ಬಂದವರು ಕಡಿಮೆ ಸ್ಟಾರ್ ಕೊಟ್ಟಿದ್ದರೆ ಅದನ್ನು ಲೆಕ್ಕಕ್ಕಿಡಬೇಡಿ. ಪಿಯುಸಿ ಓದುವ ಮಕ್ಕಳಿರುವ ಮನೆಗೆ ಮಾತ್ರ ಈ ಸಾಲಿನಲ್ಲಿ ನಿಶ್ಚಿಂತೆಯಿಂದ ಕೊಡಬಹುದಾದದ್ದು ಇದೇ.

ಮೂರನೆಯದು ಡಿಜಿಟಲ್ ಬಾಕ್ಸ್ ಸೆಟ್. ಎಂಟು, ಹತ್ತು, ಇಪ್ಪತ್ತು ಲೇಖಕರ ಮೊದಲೇ ಬಂದ ಪುಸ್ತಕಗಳನ್ನು ಒಂದು ಕಡತಕ್ಕೆ ಸೇರಿಸಿ 99 ಸೆಂಟಿಗೆ ಮಾರುವುದು. ಇದರ ಲೆಕ್ಕಾಚಾರ ತಿಳಿದರೆ ಮೋಸ ಹೋಗುವುದಿಲ್ಲ. ಕಿಂಡಲ್‌ನಲ್ಲಿ ಸ್ವಂತ ಪ್ರಕಟಿಸುವವರಿಗೆ ಶೇ 70ರ ಗೌರವಧನ ಸಿಗುವುದು 2.99ರಿಂದ 9.99 ಡಾಲರ್ ಬೆಲೆಯ ನಡುವೆ, ಅದರಾಚೆ ಶೇ 35. 99 ಸೆಂಟಿನ ಶೇ 35ನ್ನು ಹತ್ತು ಜನ ಹಂಚಿಕೊಂಡರೆ ತಲೆಗೆ ಮೂರೂವರೆ ಸೆಂಟು. ಆ ಸೆಟ್ಟಿನಿಂದ ಯಾರಿಗೂ ಹೊಟ್ಟೆ ತುಂಬುವುದಿಲ್ಲ, ಅದು ಇರುವುದು ಹೊಸ ಓದುಗರನ್ನು ತಮ್ಮ ಸರಣಿಗೆ ಸೆಳೆಯಲು. ಅದಕ್ಕೇ ಅಲ್ಲಿ ‘ಸರಣಿಯ ಮೊದಲ ಭಾಗ’ಗಳು ಹೆಚ್ಚು, ನಡುವಿನಲ್ಲಿ ಕೈಬಿಡುವ ಕತೆಗಳೂ ಹೆಚ್ಚು. ‘ಕ್ಲಿಫ್‌ಹ್ಯಾಂಗರ್’ ಪದವನ್ನು ರಿವ್ಯೂಗಳಲ್ಲಿ ಹುಡುಕುವುದು ಈ ಬಗೆಗೆ ಕಡ್ಡಾಯ. ‘ಎಚ್‌ಇಎ’ ಅಂದರೆ ಕೊನೆಗೆ ಬಾಳು ಒಂದಾಯಿತು. ‘ಎಚ್‌ಎಫ್‌ಎನ್’ ಅಂದರೆ ಸದ್ಯಕ್ಕೆ ಸುಖವಾಗಿದ್ದಾರೆ, ಮುಂದಿನದು ದೇವರಿಚ್ಛೆ. ಎರಡೂ ಇಲ್ಲದಿದ್ದರೆ ಅದು ರೊಮ್ಯಾನ್ಸ್ ಅಲ್ಲ, ಜಾಹೀರಾತು.

ಬಾಕ್ಸ್ ಸೆಟ್‌ಗಳ ಆಯಸ್ಸೂ ಚಿಕ್ಕದು. ಕೆಲವು ತಿಂಗಳಾದ ಮೇಲೆ ಲೇಖಕಿಯರು ತಂತಮ್ಮ ಕತೆ ವಾಪಸು ಪಡೆದು ಬಿಡಿಬಿಡಿಯಾಗಿ ಮಾರುತ್ತಾರೆ. ರಿವ್ಯೂ ಇದೆ, ಪುಸ್ತಕ ಸಿಗುತ್ತಿಲ್ಲ ಅಂದರೆ ಕಾರಣ ಇದೇ ಇರುತ್ತದೆ. ಆಗ ಸಂಕಲನದ ಹೆಸರು ಬಿಟ್ಟು ಕತೆಯ ಹೆಸರಿನಲ್ಲಿ ಹುಡುಕಿ. ಹಾಗೆಯೇ ಸೆಟ್ ಕೊಳ್ಳುವ ಮೊದಲು ಅದರಲ್ಲಿನ ಕತೆ ನಿಮ್ಮ ಕಿಂಡಲ್‌ನಲ್ಲಿ ಈಗಾಗಲೇ ಕೂತಿಲ್ಲವಷ್ಟೇ ಎಂದು ನೋಡಿಕೊಳ್ಳಿ.

ಕೊನೆಯ ಬಗೆ, ಒಂದೇ ಹೊದಿಕೆಯೊಳಗೆ ಇಲ್ಲದ ಸಂಕಲನ. ಐದಾರು ಜನ ಒಂದು ಊರನ್ನೋ ಒಂದು ಕುಟುಂಬವನ್ನೋ ಹಂಚಿಕೊಂಡು, ತಲಾ ಒಂದು ಕಿರುಕಾದಂಬರಿಯನ್ನು ಬಿಡಿಯಾಗಿ ಪ್ರಕಟಿಸುತ್ತಾರೆ. ಹೊದಿಕೆಯ ವಿನ್ಯಾಸ ಒಂದೇ, ಬೆಲೆ ಬೇರೆಬೇರೆ. ಎಲ್ಲ ಕೊಂಡರೆ ಸಂಕಲನಕ್ಕಿಂತ ದುಬಾರಿ. ಆದರೆ ಓದುಗರ ಅಭಿಪ್ರಾಯವನ್ನು ನಂಬಬೇಕೆಂದರೆ ಇದೇ ಒಳ್ಳೆಯದು, ಯಾಕೆಂದರೆ ಒಂದು ಸ್ಟಾರ್ ಒಂದೇ ಕತೆಗೆ ಸೇರಿದ್ದು.

ಸ್ಯಾಂಪಲ್ ಯಾಕೆ ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಇಲ್ಲಿ ಐದು ಒಲೆಯ ಮೇಲೆ ಐದು ಪಾತ್ರೆ. ಕಿಂಡಲ್ ಉಚಿತವಾಗಿ ಕೊಡುವ ಸ್ಯಾಂಪಲ್ ಪುಸ್ತಕದ ಮೊದಲ ಶೇ 10ರಷ್ಟು. 25,000 ಪದಗಳ ಐದು ಕತೆ ಅಂದರೆ ಒಟ್ಟು 1,25,000 ಪದ, ಅದರ ಹತ್ತನೆಯ ಒಂದು ಭಾಗ 12,500. ನೀವು ಓದುವುದು ಮೊದಲ ಕತೆಯ ಅರ್ಧ ಮಾತ್ರ. ಉಳಿದ ನಾಲ್ವರ ಒಂದು ಸಾಲೂ ಕಾಣುವುದಿಲ್ಲ. ಮೊದಲ ಜಾಗದಲ್ಲಿ ಗಟ್ಟಿ ಕತೆಯನ್ನು ಕೂರಿಸುವುದು ಸಂಪಾದಕರ ಹಳೆಯ ಜಾಣತನ ಬೇರೆ.

ಹೀಗಾಗಿ ಸಂಕಲನದ ಸ್ಯಾಂಪಲ್ ಇಳಿಸುವುದರ ಜೊತೆಗೆ, ಉಳಿದ ಒಬ್ಬೊಬ್ಬ ಲೇಖಕಿಯ ಬೇರೆ ಯಾವುದಾದರೂ ಕಿರುಕಾದಂಬರಿಯ ಸ್ಯಾಂಪಲ್ಲನ್ನೂ ಇಳಿಸಿ. ಅವರ ದೊಡ್ಡ ಕಾದಂಬರಿಯದ್ದು ಬೇಡ. 90,000 ಪದದಲ್ಲಿ ಚೆನ್ನಾಗಿ ಉಸಿರಾಡುವವರು 25,000ದಲ್ಲಿ ಏದುಸಿರು ಬಿಡುವುದುಂಟು. ಕಿರುಕಾದಂಬರಿ ಬೇರೆಯೇ ಕಸುಬು. 2019ರಲ್ಲಿ ರೀಟಾ ಪ್ರಶಸ್ತಿ ಮೊಟ್ಟಮೊದಲ ಬಾರಿಗೆ ಕಪ್ಪು ಲೇಖಕಿಯರಿಗೆ ಸಿಕ್ಕಿತು, ಕೆನಡಿ ರಯನ್ ಮತ್ತು ಎಂ. ಮಲೋನ್ ಇಬ್ಬರಿಗೆ. ಅವರಲ್ಲಿ ಮಲೋನ್ ಗೆದ್ದದ್ದು ಕಿರುಕಾದಂಬರಿ ವಿಭಾಗದಲ್ಲಿ.

ಅಭಿಪ್ರಾಯಗಳನ್ನು ಜರಡಿ ಹಿಡಿಯುವುದು

ಮೊದಲು, ಸ್ಟಾರ್ ಯಾವ ಅಂಗಡಿಯದ್ದು ನೋಡಿ. ಓದುಗರು ಪುಸ್ತಕಗಳಿಗೆ ಅಂಕ ಕೊಡುವ ತಾಣ ಗುಡ್‌ರೀಡ್ಸ್‌ನಲ್ಲಿ 2 ಸ್ಟಾರ್ ಎಂದರೆ ‘ಪರವಾಗಿಲ್ಲ’, 3 ಎಂದರೆ ‘ಇಷ್ಟವಾಯಿತು’, 4 ಎಂದರೆ ‘ತುಂಬಾ ಇಷ್ಟವಾಯಿತು’. ಅರ್ಧ ಸ್ಟಾರ್ ಕೊಡಲು ಬರುವುದಿಲ್ಲ. ಆದ್ದರಿಂದ ಅಲ್ಲಿ 3.8 ಬಂದ ಸಂಕಲನ ಸೋತ ಪುಸ್ತಕವಲ್ಲ. ಅಮೆಜಾನ್‌ನಲ್ಲಿ ಅದೇ 3.8 ಸ್ವಲ್ಪ ಯೋಚಿಸಬೇಕಾದ ಅಂಕಿ. ಕಪ್ಪು ಸಮುದಾಯದ ಬ್ರಿಟಿಷ್ ತಂತ್ರಜ್ಞೆ ನಾಡಿಯಾ ಒಡುನಾಯೊ ಕಟ್ಟಿದ ಸ್ಟೋರಿಗ್ರಾಫ್ ಎಂಬ ಇಂಥದೇ ತಾಣದಲ್ಲಿ ಕಾಲು ಸ್ಟಾರಿನ ತನಕ ಕೊಡಬಹುದು, ಸಾವು, ಗರ್ಭಪಾತ, ಹಿಂಸೆಯಂಥ ವಿಷಯಗಳ ಮುನ್ನೆಚ್ಚರಿಕೆಯನ್ನೂ ಓದುಗರೇ ಗುರುತಿಸುತ್ತಾರೆ. ‘ಹಗುರವಾದ ಹಬ್ಬದ ಕತೆ’ ಅಂದುಕೊಂಡು ತೆರೆದು ನಡುವಿನ ಕತೆಯಲ್ಲಿ ಮಗು ಕಳೆದುಕೊಂಡ ತಾಯಿಯನ್ನು ಎದುರುಗೊಳ್ಳುವ ಆಘಾತ ಇದರಿಂದ ತಪ್ಪುತ್ತದೆ. ಸಂಕಲನದಲ್ಲಿ ಈ ಮುನ್ನೆಚ್ಚರಿಕೆ ಯಾವ ಕತೆಗೆ ಸೇರಿದ್ದು ಎಂಬುದು ಮಾತ್ರ ಯಾವಾಗಲೂ ಸ್ಪಷ್ಟವಿರುವುದಿಲ್ಲ.

ಆಮೇಲೆ, ಕತೆಯ ಹೆಸರು ಹಿಡಿದು ಬೇರೆಬೇರೆ ಅಂಕ ಕೊಟ್ಟಿರುವ ರಿವ್ಯೂಗಳನ್ನು ಹೆಕ್ಕಿ. ಅಂಥ ಆರೇಳು ಸಿಕ್ಕರೆ ಸಾಕು, ಉಳಿದ ಮುನ್ನೂರನ್ನು ಓದಬೇಕಾಗಿಲ್ಲ. ಕಾಗದದ ಮೇಲೆ ಕತೆಗಳ ಹೆಸರು ಅಡ್ಡಕ್ಕೆ, ರಿವ್ಯೂಗಳನ್ನು ಉದ್ದಕ್ಕೆ ಬರೆದು ಅಂಕ ತುಂಬಿ. ಒಂದು ಕತೆ ಎಲ್ಲರಲ್ಲೂ ಕಡಿಮೆ ಪಡೆದಿದ್ದರೆ ಅದು ನಿಜಕ್ಕೂ ಸೊರಗಿದೆ. ಅದೇ ಕತೆಗೆ ಇಬ್ಬರು 5, ಇಬ್ಬರು 1 ಕೊಟ್ಟಿದ್ದರೆ ಅದು ರುಚಿಯ ಜಗಳ, ನೀವೇ ಓದಿ ನೋಡಬೇಕಾದದ್ದು. ಎಷ್ಟೋ ಸಲ ಸಂಕಲನದ ಅತ್ಯುತ್ತಮ ಕತೆ ಈ ಎರಡನೆಯ ಗುಂಪಿನಲ್ಲೇ ಇರುತ್ತದೆ.

ಪ್ರಕಟವಾದ ಮೊದಲ ವಾರದ ಐದು ಸ್ಟಾರ್‌ಗಳನ್ನು ಬದಿಗಿಡಿ. ಅವು ಸುಳ್ಳು ಎಂದಲ್ಲ. ಬಿಡುಗಡೆಗೆ ಮುಂಚೆ ಉಚಿತ ಪ್ರತಿ ಪಡೆದವರು ಬಹುತೇಕ ಒಬ್ಬ ಲೇಖಕಿಯ ಅಭಿಮಾನಿ ಬಳಗದವರು. ಐವರು ಲೇಖಕಿಯರಿದ್ದರೆ ಐದು ಬಳಗ. ‘ನಾನು ಇವರ ಕತೆ ಮಾತ್ರ ಓದಿದೆ, ಅದ್ಭುತ’ ಎಂದು ಇಡೀ ಪುಸ್ತಕಕ್ಕೆ ಐದು ಕೊಟ್ಟಿರುತ್ತಾರೆ. ಎರಡು ಮೂರು ತಿಂಗಳ ಆಮೇಲಿನ ಅಭಿಪ್ರಾಯಗಳಲ್ಲಿ ಕೊನೆಯ ಕತೆಯ ತನಕ ಓದಿದವರು ಸಿಗುತ್ತಾರೆ. ಕೊನೆಯ ಎರಡು ಕತೆಗಳ ಹೆಸರೇ ಯಾವ ರಿವ್ಯೂನಲ್ಲೂ ಇಲ್ಲದಿದ್ದರೆ ಜನ ಅಲ್ಲಿಯವರೆಗೆ ಹೋಗಿಲ್ಲ ಎಂದರ್ಥ, ಅದೂ ಒಂದು ಅಭಿಪ್ರಾಯವೇ.

ಇನ್ನು ಬಿಸಿಯ ಮಾತು. ಓದುಗರು ‘ಸ್ಟೀಮ್’ ಎನ್ನುವುದು ಮಂಚದ ದೃಶ್ಯ ಎಷ್ಟು ಬಿಚ್ಚಾಗಿದೆ ಎಂಬುದಕ್ಕೆ. ‘ಕ್ಲೋಸ್ಡ್ ಡೋರ್’ ಎಂದರೆ ಬಾಗಿಲು ಹಾಕಿಕೊಂಡಿತು, ಮುಂದಿನದು ಬೆಳಗಿನ ಕಾಫಿ. ಒಬ್ಬಳೇ ಲೇಖಕಿಯ ಪುಸ್ತಕದಲ್ಲಿ ಈ ಮಟ್ಟ ಒಂದೇ ಇರುತ್ತದೆ. ಸಂಕಲನದಲ್ಲಿ ಚರ್ಚಿನ ಹಿನ್ನೆಲೆಯ ಸೌಮ್ಯ ಕತೆಯ ಮಗ್ಗುಲಲ್ಲೇ ಕಿವಿ ಕೆಂಪಾಗಿಸುವ ಕತೆ ಬರಬಹುದು. ಒಂದೇ ಪುಸ್ತಕಕ್ಕೆ ‘ತುಂಬಾ ಹಸಿ’ ಎಂದೂ ‘ತುಂಬಾ ಸಪ್ಪೆ’ ಎಂದೂ ದೂರು ಬಂದಿದ್ದರೆ ಇಬ್ಬರೂ ಸರಿಯೇ, ಬೇರೆಬೇರೆ ಕತೆಯ ಬಗ್ಗೆ ಮಾತಾಡುತ್ತಿದ್ದಾರೆ.

‘ವ್ಯಾಕರಣ ತಪ್ಪು’ ಎಂಬ ದೂರು

ಬ್ಲ್ಯಾಕ್ ರೊಮ್ಯಾನ್ಸ್‌ನ ಅಭಿಪ್ರಾಯಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಇದು. ದೂರಿನಲ್ಲಿ ಎರಡು ಬೇರೆ ವಿಷಯಗಳು ಕಲಸಿಕೊಂಡಿರುತ್ತವೆ.

ಕಪ್ಪು ಅಮೆರಿಕನ್ನರ ಇಂಗ್ಲಿಷಿಗೆ ಅದರದೇ ವ್ಯಾಕರಣವಿದೆ. ‘ಶಿ ಬಿ ವರ್ಕಿಂಗ್’ ಎಂಬ ಮಾತು ಶಾಲೆಯ ಇಂಗ್ಲಿಷಿನ ಕಿವಿಗೆ ತಪ್ಪು. ಆ ನುಡಿಯಲ್ಲಿ ಅದರ ಅರ್ಥ ಖಚಿತ: ಅವಳು ಸಾಮಾನ್ಯವಾಗಿ ಕೆಲಸದಲ್ಲಿರುತ್ತಾಳೆ. ‘ಶಿ ವರ್ಕಿಂಗ್’ ಎಂದರೆ ಈಗ, ಈ ಹೊತ್ತು ಮಾಡುತ್ತಿದ್ದಾಳೆ. ಕನ್ನಡದವರಿಗೆ ಇದು ಕಷ್ಟವಾಗಬಾರದು. ‘ಕೆಲಸ ಮಾಡ್ತಿರ್ತಾಳೆ’ಗೂ ‘ಕೆಲಸ ಮಾಡ್ತಿದ್ದಾಳೆ’ಗೂ ಇರುವ ವ್ಯತ್ಯಾಸವೇ ಅದು, ಶಾಲೆಯ ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಹೇಳಲಾಗದ್ದನ್ನು ಈ ನುಡಿ ಹೇಳುತ್ತದೆ. ಧಾರವಾಡದ ಪಾತ್ರ ‘ಬರಾಕತ್ತೇನಿ’ ಎಂದರೆ ನಾವು ಕೆಂಪು ಶಾಯಿ ತೆಗೆಯುತ್ತೇವೆಯೇ?

ಆದರೆ ನಿಜವಾದ ತಪ್ಪುಗಳೂ ಇರುತ್ತವೆ. ಹಾರ್ಲೆಕ್ವಿನ್ ಪ್ರಕಾಶನದ ಕಿಮಾನಿಯಂಥ ಬ್ಲ್ಯಾಕ್ ರೊಮ್ಯಾನ್ಸ್ ಮಾಲೆ ನಿಂತ ಮೇಲೆ ಎಷ್ಟೋ ಲೇಖಕಿಯರು ಸ್ವಂತ ಪ್ರಕಟಣೆಗೆ ಹೊರಳಿದರು. ದೊಡ್ಡ ಪ್ರಕಾಶಕರ ಬಾಗಿಲು ಮೊದಲೇ ಕಿರಿದು: ಕ್ಯಾಲಿಫೋರ್ನಿಯಾದ ರೊಮ್ಯಾನ್ಸ್ ಪುಸ್ತಕದಂಗಡಿ ‘ದಿ ರಿಪ್ಡ್ ಬಾಡಿಸ್’ ಲೆಕ್ಕ ಹಾಕಿದಂತೆ, ಪ್ರಮುಖ ಪ್ರಕಾಶಕರ ರೊಮ್ಯಾನ್ಸ್ ಪುಸ್ತಕಗಳಲ್ಲಿ ಬಿಳಿಯರಲ್ಲದ ಲೇಖಕರವು 2016ರಲ್ಲಿ ಶೇ 7.8, 2017ರಲ್ಲಿ ಶೇ 6.2. ಸ್ವಂತ ಪ್ರಕಟಣೆಯಲ್ಲಿ ಕರಡು ತಿದ್ದುವವರ ಖರ್ಚು ಲೇಖಕಿಯದೇ. ಐವರಲ್ಲಿ ಮೂವರು ಸಂಪಾದಕರಿಗೆ ಕೊಟ್ಟು, ಇಬ್ಬರು ಕೊಡದಿದ್ದರೆ ಪುಸ್ತಕದ ನಡುವೆಯೇ ಭಾಷೆಯ ಮಟ್ಟ ಬಿದ್ದುಹೋಗುತ್ತದೆ.

ಬೇರ್ಪಡಿಸುವ ಉಪಾಯ: ದೂರಿದವರು ಕೊಟ್ಟ ಉದಾಹರಣೆ ಉದ್ಧರಣ ಚಿಹ್ನೆಯ ಒಳಗಿನದೋ ಹೊರಗಿನದೋ ನೋಡಿ. ಪಾತ್ರದ ಮಾತಾದರೆ ದೂರನ್ನು ಬಿಟ್ಟುಬಿಡಿ. ನಾಯಕಿಯೇ ‘ನಾನು’ ಎಂದು ಕತೆ ಹೇಳುತ್ತಿದ್ದರೆ ಹೊರಗಿನ ಸಾಲೂ ಅವಳ ಮಾತೇ. ಆದರೆ ಪಾತ್ರದ ಹೆಸರೇ ನಡುವಿನಲ್ಲಿ ಬದಲಾಗಿದ್ದರೆ, ಒಂದೇ ಪ್ಯಾರಾ ಎರಡು ಸಲ ಅಚ್ಚಾಗಿದ್ದರೆ, ಒಂದೇ ಸಾಲಿನಲ್ಲಿ ಕಾಲ ಹಿಂದೆ ಮುಂದೆ ಜಿಗಿದರೆ ಅದು ಯಾವ ನುಡಿಯೂ ಅಲ್ಲ, ಅಜಾಗರೂಕತೆ.

ಇದರದೇ ಇನ್ನೊಂದು ರೂಪ ‘ನನಗೆ ಕನೆಕ್ಟ್ ಆಗಲಿಲ್ಲ’. ರಾತ್ರಿ ಮಲಗುವಾಗ ನಾಯಕಿ ಕೂದಲಿಗೆ ಸ್ಯಾಟಿನ್ ಟೋಪಿ ಕಟ್ಟಿಕೊಳ್ಳುವುದನ್ನು ಅವನ ಕಣ್ಣೆದುರೇ ಮೊದಲ ಬಾರಿ ಮಾಡುತ್ತಾಳೆ. ಗೊತ್ತಿಲ್ಲದವರಿಗೆ ಅದು ದಾಟಿಹೋಗುವ ಸಾಲು. ಗೊತ್ತಿದ್ದವರಿಗೆ, ಶೃಂಗಾರವೆಲ್ಲ ಕಳಚಿಟ್ಟು ಇವನೆದುರು ಹೀಗೇ ಇರಬಲ್ಲೆ ಎಂಬ ಘೋಷಣೆ, ಮುತ್ತಿಗಿಂತ ದೊಡ್ಡದು. ಹಾಗೆಯೇ ದಕ್ಷಿಣದ ರಾಜ್ಯಗಳ ಕತೆಗಳಲ್ಲಿ ಹಿರಿಯ ಹೆಂಗಸನ್ನು ‘ಮಿಸ್’ ಸೇರಿಸಿ ಹೆಸರು ಹಿಡಿದು ಕರೆಯುವುದು, ಹೊವಾರ್ಡ್‌ನಂಥ ಕಪ್ಪು ಸಮುದಾಯದ ಚಾರಿತ್ರಿಕ ವಿಶ್ವವಿದ್ಯಾಲಯಗಳ ಹೋಮ್‌ಕಮಿಂಗ್, ಅಲ್ಲಿನ ಸೊರೋರಿಟಿಗಳ, ಅಂದರೆ ವಿದ್ಯಾರ್ಥಿನಿಯರ ಸಂಘಗಳ, ಬಣ್ಣದ ಜಂಬ. ಇವನ್ನು ಹೆಸರಿಸಿ ಮೆಚ್ಚಿದ ಅಥವಾ ಬೈದ ಓದುಗರ ಮಾತಿಗೆ ತೂಕ ಹೆಚ್ಚು.

‘ಸಮಕಾಲೀನ’ ಎಂದರೆ ಯಾವ ಕಾಲ?

ಕೆನ್ಸಿಂಗ್ಟನ್ ಪ್ರಕಾಶನ 1994ರಲ್ಲಿ ಅರಬೆಸ್ಕ್ ಮಾಲೆ ತಂದಾಗಿನಿಂದ ಇಂಥ ಕತೆಗಳು ಸಾಲಾಗಿ ಬಂದಿವೆ. ಹಾರ್ಲೆಕ್ವಿನ್ 2006ರಲ್ಲಿ ಕಿಮಾನಿ ಪ್ರೆಸ್ ಶುರು ಮಾಡಿತು, 2017ರಲ್ಲಿ ಆ ಮಾಲೆ ನಿಲ್ಲಿಸುವುದಾಗಿ ಹೇಳಿತು. ಆ ಕಾಲದ ಕಿರುಕಾದಂಬರಿಗಳು ಹೊಸ ಹೊದಿಕೆ, ಕೆಲವೊಮ್ಮೆ ಹೊಸ ಹೆಸರಿನೊಂದಿಗೆ, ‘ಸಮಕಾಲೀನ’ ಎಂಬ ಚೀಟಿಯಡಿಯಲ್ಲೇ ಮತ್ತೆ ಬರುತ್ತವೆ. ತೆರೆದರೆ ನಾಯಕನ ಸೊಂಟದಲ್ಲಿ ಪೇಜರ್. ಕೃತಿಸ್ವಾಮ್ಯದ ಪುಟದಲ್ಲಿ ಒಂದೊಂದು ಕತೆಗೂ ಮೊದಲ ಪ್ರಕಟಣೆಯ ವರ್ಷ ಬೇರೆಯಾಗಿ ಇರುತ್ತದೆ, ಸ್ಯಾಂಪಲ್‌ನಲ್ಲಿ ಆ ಪುಟ ಸಾಮಾನ್ಯವಾಗಿ ಸಿಗುತ್ತದೆ, ಅಲ್ಲಿ ನೋಡಿ. ಹಳೆಯದು ಎಂದ ಮಾತ್ರಕ್ಕೆ ಬಿಡಬೇಕಿಲ್ಲ, ಆ ಕಾಲದ ಸಂಕಲನಗಳಲ್ಲಿ ಸಂಪಾದನೆ ಬಿಗಿಯಾಗಿದೆ. ಆದರೆ ‘ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ’ ಎಂಬ ರಿವ್ಯೂ ಕಂಡರೆ ವರ್ಷ ನೋಡದೆ ನಗಬೇಡಿ. ಚಾರಿತ್ರಿಕ ಕತೆಗಳೂ ಇದೇ ಹುಡುಕಾಟದಲ್ಲಿ ನುಸುಳುತ್ತವೆ: 2015ರ ‘ದಿ ಬ್ರೈಟೆಸ್ಟ್ ಡೇ’, ಗುಲಾಮಗಿರಿಯ ಅಂತ್ಯವನ್ನು ನೆನೆಯುವ ಜೂನ್‌ಟೀಂತ್ ಹಬ್ಬದ ಸಂಕಲನ, ಕತೆಗಳೆಲ್ಲ ಹಿಂದಿನ ಕಾಲದವು.

ಯಾರಿಗೆ ಯಾವುದು

ಈ ಸಾಹಿತ್ಯಕ್ಕೆ ಹೊಸಬರಾದರೆ ಒಂದೇ ಜಾಗದ ಸುತ್ತ ಹೆಣೆದ, ಮೂರರಿಂದ ಐದು ಲೇಖಕಿಯರ, 300ರಿಂದ 450 ಪುಟದ ಸಂಕಲನ ಹಿಡಿಯಿರಿ. ಜಾಗದ ಪರಿಚಯ ಒಂದು ಸಲ ಆದರೆ ಸಾಕು, ಪರಕೀಯ ವಿವರಗಳು ಎರಡನೆಯ ಕತೆಯ ಹೊತ್ತಿಗೆ ಪರಿಚಿತವಾಗಿರುತ್ತವೆ. ಹೊಸ ಲೇಖಕಿಯರನ್ನು ಹುಡುಕುವುದೇ ಉದ್ದೇಶವಾದರೆ ಹಬ್ಬದ ಸಂಕಲನ. ಬಾಕ್ಸ್ ಸೆಟ್ ಬೇಕಾದರೆ ಅಮೆಜಾನ್‌ನ ಚಂದಾ ಯೋಜನೆ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಎರವಲು ತೆಗೆದು ನೋಡಿ, ಹಿಡಿಸದಿದ್ದರೆ ಹಿಂದಿರುಗಿಸಿದರಾಯಿತು. ಆ ಯೋಜನೆಗೆ ಸೇರಿಸಿದ ಸ್ವಂತ ಪ್ರಕಟಣೆಯ ಇ-ಪುಸ್ತಕವನ್ನು 90 ದಿನಗಳ ಕರಾರು ಮುಗಿಯುವ ತನಕ ಬೇರೆ ಇ-ಅಂಗಡಿಗಳಲ್ಲಿ ಮಾರುವಂತಿಲ್ಲ, ಹಾಗಾಗಿ ಅಲ್ಲಿ ಹುಡುಕಿ ಸುಸ್ತಾಗಬೇಡಿ. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ಕನ್ನಡಿಗರಿಗೆ ಊರಿನ ಗ್ರಂಥಾಲಯದ ಕಾರ್ಡಿನಿಂದ ದೊಡ್ಡ ಪ್ರಕಾಶಕರ ಸಂಕಲನಗಳು ಗ್ರಂಥಾಲಯಗಳ ಆ್ಯಪ್ ಲಿಬ್ಬಿಯಲ್ಲಿ ಉಚಿತ, ಸರದಿ ಕಾಯಬೇಕು. ನಿಮ್ಮ ಗ್ರಂಥಾಲಯ ಹೂಪ್ಲಾ ಎಂಬ ಇಂಥದೇ ಇನ್ನೊಂದು ಆ್ಯಪ್ ಕೊಡುತ್ತಿದ್ದರೆ ಸರದಿಯೂ ಇಲ್ಲ, ತಿಂಗಳಿಗೆ ಇಷ್ಟು ಪುಸ್ತಕ ಎಂಬ ಮಿತಿ ಮಾತ್ರ.

ಮೆಟ್ರೊದಲ್ಲಿ ಕೇಳುತ್ತಾ ಹೋಗುವವರು ಆಡಿಯೊ ಕೊಳ್ಳುವ ಮುಂಚೆ ಓದುವವರು ಎಷ್ಟು ಜನ ಎಂದು ನೋಡಬೇಕು. ಕತೆಗೊಬ್ಬರಂತೆ ಬೇರೆ ದನಿ ಇದ್ದರೆ ಸಂಕಲನ ಎದ್ದು ನಿಲ್ಲುತ್ತದೆ. ನಾಲ್ಕೂ ಕತೆಗೆ ಒಂದೇ ದನಿಯಾದರೆ ನಾಲ್ವರು ನಾಯಕಿಯರೂ ಒಬ್ಬಳೇ ಅನ್ನಿಸುತ್ತದೆ. ಅಟ್ಲಾಂಟಾದವಳು, ಶಿಕಾಗೊದವಳು, ಬ್ರೂಕ್ಲಿನ್ನಿನವಳು ಒಂದೇ ರೀತಿ ಮಾತಾಡಿದರೆ ಅಲ್ಲಿನ ಕೇಳುಗರು ಸುಮ್ಮನಿರುವುದಿಲ್ಲ, ರಿವ್ಯೂದಲ್ಲಿ ಬರೆದೇ ಬರೆದಿರುತ್ತಾರೆ.

ಓದಿ ಮುಗಿಸಿದ ಮೇಲೆ ನೀವೂ ನಾಲ್ಕು ಸಾಲು ಬರೆಯುವುದಾದರೆ ಕತೆಯ ಹೆಸರು, ಅದಕ್ಕೆ ಸ್ಟಾರ್, ಬಿಸಿಯ ಮಟ್ಟ, ಕೊನೆ ಪೂರ್ತಿಯಾಯಿತೇ ಇಲ್ಲವೇ ಎಂದು ಕತೆಗೊಂದು ಸಾಲಿನಂತೆ ಬರೆಯಿರಿ. ಗುಡ್‌ರೀಡ್ಸ್‌ನಲ್ಲಿ ಎಷ್ಟೋ ಕಿರುಕಾದಂಬರಿಗಳಿಗೆ ಬೇರೆಯದೇ ಪುಟ ಇರುತ್ತದೆ. ಇದ್ದರೆ ಆ ಸ್ಟಾರನ್ನು ಅಲ್ಲೇ ಹಾಕಿ, ಸಂಕಲನದ ಪುಟದಲ್ಲಿ ಹಾಕಬೇಡಿ.